ಪೆಟ್ಟಿಗೆಯ ಮೇಲೆ 3600, ಪರದೆಯ ಮೇಲೆ 2133: ಚಾಮರಾಜಪೇಟೆಯ ಒಂದು ಕಂಪ್ಯೂಟರಿನ ಪ್ರಕರಣ

ಆಷಾಢ ಬಂದರೆ ಬೆಂಗಳೂರಿನ ಚಾಮರಾಜಪೇಟೆಯ ಆ ಮದುವೆ ವಿಡಿಯೊ ಸ್ಟುಡಿಯೊಗೆ ಉಸಿರಾಡಲು ಸ್ವಲ್ಪ ಬಿಡುವು ಸಿಗುತ್ತದೆ. ಹೊಸ ಮದುವೆಗಳಿರುವುದಿಲ್ಲ. ವೈಶಾಖ, ಜ್ಯೇಷ್ಠದಲ್ಲಿ ಚಿತ್ರೀಕರಿಸಿದ್ದನ್ನೆಲ್ಲ ಕುಳಿತು ಸಂಕಲನ ಮಾಡಿ, ಶ್ರಾವಣದ ಗಡಿಬಿಡಿ ಶುರುವಾಗುವ ಮುನ್ನ ಮನೆಮನೆಗೆ ಒಪ್ಪಿಸುವ ತಿಂಗಳು ಅದು. ಅಂಥ ಒಂದು ದಿನ ಸ್ಟುಡಿಯೊ ನಡೆಸುವ ಗೆಳೆಯ ನನ್ನನ್ನು ಕರೆದು ಹೇಳಿದ ಮಾತು ವಿಚಿತ್ರವಾಗಿತ್ತು: "ಮೆಮೊರಿ ಹೆಚ್ಚು ಮಾಡಿಸಿದ ಮೇಲೆ ಕಂಪ್ಯೂಟರ್ ನಿಧಾನವಾಗಿದೆ."

ಕೇಳಿದವರು ನಗಬಹುದು. ನಾನು ನಗಲಿಲ್ಲ, ಏಕೆಂದರೆ ಇದು ನಿಜವಾಗಿಯೂ ಆಗುವ ಸಂಗತಿ. ಆದರೆ ಇದರ ಬೆನ್ನು ಹತ್ತಿದ ನನಗೆ ಮೂರು ವಾರ ಹಿಡಿಯಿತು. ಮೊದಲ ಸಲ ಸರಿಪಡಿಸಿದೆ ಎಂದುಕೊಂಡಾಗ ಸರಿಯಾಗಿರಲಿಲ್ಲ. ಒಬ್ಬರ ಬಗ್ಗೆ ತಪ್ಪಾಗಿಯೂ ಎಣಿಸಿದ್ದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಯಂತ್ರದ ಪರಿಚಯ ಮೊದಲು. 2021ರ ಕೊನೆಯಲ್ಲಿ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಜೋಡಿಸಿಕೊಂಡು ಬಂದದ್ದು. ಪ್ರೊಸೆಸರ್ ಎಎಂಡಿಯ ರೈಜನ್ 5 5600ಜಿ, ಮದರ್‌ಬೋರ್ಡ್ ಬಿ450 ಚಿಪ್‌ಸೆಟ್‌ನದು, ನಾಲ್ಕು ಮೆಮೊರಿ ಸ್ಲಾಟ್‌ಗಳು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆ ವರ್ಷ ಕಾರ್ಡ್‌ಗಳ ಬೆಲೆ ಆಕಾಶಕ್ಕೇರಿದ್ದರಿಂದ ಚಿತ್ರಭಾಗ ಒಳಗೇ ಇರುವ ಪ್ರೊಸೆಸರ್ ಕೊಂಡಿದ್ದರು. ಮೆಮೊರಿ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್‌ಗಳು, ಪೆಟ್ಟಿಗೆಯ ಮೇಲೆ ವೇಗ ಸೂಚಿಸುವ 3600 ಎಂಬ ಸಂಖ್ಯೆ. ನಾನು ಹೋಗುವುದಕ್ಕೆ ಕೆಲವು ತಿಂಗಳ ಹಿಂದೆ ಅದೇ ಕಂಪನಿಯ, ಅದೇ ಸಂಖ್ಯೆಯ ಇನ್ನೆರಡು ಸ್ಟಿಕ್ ಸೇರಿಸಿ 32 ಜಿಬಿ ಮಾಡಿಸಿದ್ದರು.

ಚಿತ್ರಭಾಗ ಪ್ರೊಸೆಸರ್‌ನೊಳಗೇ ಇದೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಪ್ರತ್ಯೇಕ ಕಾರ್ಡ್ ಇದ್ದರೆ ಅದಕ್ಕೆ ಅದರದೇ ಮೆಮೊರಿ ಇರುತ್ತದೆ. 5600ಜಿಯಂಥ ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಭಾಗವೂ ಚಿತ್ರ ಮೂಡಿಸುವ ಭಾಗವೂ ಒಂದೇ ಮೆಮೊರಿಯ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಬೇರೆ ಯಂತ್ರಗಳಲ್ಲಿ ಮೆಮೊರಿಯ ವೇಗ ಕುಗ್ಗಿದರೆ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ, ಇಲ್ಲಿ ಮಾತ್ರ ಬರಿಗಣ್ಣಿಗೆ ಕಾಣುತ್ತದೆ.

ಮೊದಲ ನೋಟ

ನಾನು ಹೋದಾಗ ಬೆಳಿಗ್ಗೆ ಹನ್ನೊಂದೂವರೆ. ಸಂಕಲನ ಮಾಡುವ ಯುವತಿ ಆಗಲೇ ಕೆಲಸದಲ್ಲಿದ್ದರು. ಧಾರೆಯ ದೃಶ್ಯವೊಂದನ್ನು ಓಡಿಸಿ ತೋರಿಸಿದರು. ಅಕ್ಷತೆ ಹಾರುವ ಆ ಕ್ಷಣ ತಡೆತಡೆದು ಬರುತ್ತಿತ್ತು, ಧ್ವನಿ ಮುಂದೆ ಹೋಗಿ ಚಿತ್ರ ಹಿಂದೆ ಉಳಿಯುತ್ತಿತ್ತು. "ಮೊದಲು ಇಷ್ಟು ಕಷ್ಟವಿರಲಿಲ್ಲ" ಎಂದರು.

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿದೆ. ಸ್ಲಾಟ್‌ಗಳು ನಾಲ್ಕರಲ್ಲಿ ನಾಲ್ಕು. ವೇಗ 2133.

ಈ ಸಂಖ್ಯೆಯ ಬಗ್ಗೆ ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ, ಏಕೆಂದರೆ ಇದರಿಂದ ಗಾಬರಿಯಾದವರನ್ನು ತುಂಬ ನೋಡಿದ್ದೇನೆ. ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಇದೇ ಮೆಮೊರಿ 1066 ಮೆಗಾಹರ್ಟ್ಸ್ ಎಂದು ಕಾಣುತ್ತದೆ. ಎರಡೂ ಸರಿ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ, ಏರುವಾಗ ಒಮ್ಮೆ ಇಳಿಯುವಾಗ ಒಮ್ಮೆ, ದತ್ತಾಂಶ ಕಳಿಸುತ್ತದೆ. ಗಡಿಯಾರ 1066 ಮೆಗಾಹರ್ಟ್ಸ್‌ನಲ್ಲಿ ಬಡಿದರೆ ರವಾನೆ ಸೆಕೆಂಡಿಗೆ 2133 ಮಿಲಿಯನ್ ಸಲ ನಡೆಯುತ್ತದೆ. ಪೆಟ್ಟಿಗೆಯ ಮೇಲಿನ 3600 ಕೂಡ ರವಾನೆಯ ಲೆಕ್ಕವೇ, ಅದರ ಗಡಿಯಾರ 1800. ಸಿಪಿಯು-ಜೆಡ್‌ನಲ್ಲಿ 1800 ಕಂಡು ಅಂಗಡಿಯವರು ಮೋಸ ಮಾಡಿದರೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ನಮ್ಮ ಯಂತ್ರದಲ್ಲಿ ಇದ್ದದ್ದು ನಿಜವಾದ ಕೊರತೆ.

ಎಷ್ಟು ಕೊರತೆ? ಪ್ರೊಸೆಸರಿನಿಂದ ಮೆಮೊರಿಗೆ ಎರಡು ದಾರಿಗಳಿವೆ, ಅವಕ್ಕೆ ಚಾನೆಲ್ ಎನ್ನುತ್ತಾರೆ. ಒಂದು ಚಾನೆಲ್‌ನ ಅಗಲ 64 ಬಿಟ್, ಎಂದರೆ 8 ಬೈಟ್. 2133 ಅನ್ನು 8ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 17 ಜಿಬಿ, ಎರಡು ಚಾನೆಲ್ ಸೇರಿ 34. 3600ರಲ್ಲಿ ಓಡಿದ್ದರೆ ಒಂದಕ್ಕೆ 28.8, ಎರಡಕ್ಕೆ 57.6. ಇನ್ನು ಕಾಯುವಿಕೆ. ಎಷ್ಟು ಬಡಿತ ಕಾಯಬೇಕೆಂದು ಹೇಳುವ ಸಂಖ್ಯೆಗೆ ಸಿಎಲ್ ಎಂದು ಹೆಸರು. 2133ರಲ್ಲಿ ಈ ಸ್ಟಿಕ್‌ಗಳ ಸಿಎಲ್ 15, ಎಂದರೆ ಕೇಳಿದ ದತ್ತಾಂಶ ಹೊರಡಲು ಸುಮಾರು 14 ನ್ಯಾನೊಸೆಕೆಂಡ್. 3600ರಲ್ಲಿ ಸಿಎಲ್ 18 ಆದರೂ ಬಡಿತ ಚುರುಕಾಗಿರುವುದರಿಂದ ಕಾಯುವುದು 10 ನ್ಯಾನೊಸೆಕೆಂಡ್ ಮಾತ್ರ. ಸಿಎಲ್ ಸಂಖ್ಯೆ ದೊಡ್ಡದಾದರೆ ಮೆಮೊರಿ ನಿಧಾನ ಎಂದು ನಂಬಿದವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

3600 ಎಂಬುದು ಯಾರ ಮಾತು

ಹಣ ಕೊಟ್ಟು 3600 ಕೊಂಡವರಿಗೆ ತಾನಾಗಿಯೇ 3600 ಏಕೆ ಸಿಗುವುದಿಲ್ಲ? ಗೆಳೆಯ ಕೇಳಿದ ಈ ಪ್ರಶ್ನೆ ನ್ಯಾಯವಾದದ್ದು.

ಮೆಮೊರಿಯ ಮಾನದಂಡಗಳನ್ನು ಗೊತ್ತುಮಾಡುವುದು ಜೆಡೆಕ್ ಎಂಬ ಸಂಸ್ಥೆ. ಡಿಡಿಆರ್4ರ ಮಾನದಂಡವನ್ನು ಅದು 2012ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ವೋಲ್ಟೇಜ್ 1.2, ಮಾನದಂಡದ ಪಟ್ಟಿಯ ತುತ್ತತುದಿ 3200. ಎಂದರೆ 3600 ಎಂಬುದು ಜೆಡೆಕ್‌ನ ಪಟ್ಟಿಯಲ್ಲೇ ಇಲ್ಲ. ಅದು ಸ್ಟಿಕ್ ತಯಾರಿಸಿದ ಕಂಪನಿಯ ಮಾತು: "1.35 ವೋಲ್ಟ್ ಕೊಟ್ಟರೆ, ನಾವು ಹೇಳಿದ ಸಮಯಗಳನ್ನು ಇಟ್ಟರೆ, ಈ ಜೋಡಿ 3600ರಲ್ಲಿ ಓಡುತ್ತದೆ." ಆ ಷರತ್ತುಗಳನ್ನೆಲ್ಲ ಸ್ಟಿಕ್‌ನ ಮೇಲಿರುವ ಎಸ್‌ಪಿಡಿ ಎಂಬ ಚಿಕ್ಕ ಚಿಪ್‌ನಲ್ಲಿ ಬರೆದಿಟ್ಟಿರುತ್ತಾರೆ. ಹಾಗೆ ಬರೆಯುವ ಪದ್ಧತಿಗೆ ಇಂಟೆಲ್ 2007ರಲ್ಲಿ, ಡಿಡಿಆರ್3ರ ಕಾಲದಲ್ಲಿ, ಎಕ್ಸ್‌ಎಂಪಿ ಎಂದು ಹೆಸರಿಟ್ಟಿತು. ಎಎಂಡಿ ಬೋರ್ಡ್‌ಗಳ ಬಯೋಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನ ಮೂಲ ತಂತ್ರಾಂಶ) ಅದೇ ಡಿಒಸಿಪಿ ಎಂದೋ ಎ-ಎಕ್ಸ್‌ಎಂಪಿ ಎಂದೋ ಕಾಣಿಸುತ್ತದೆ. ಡಿಡಿಆರ್5ಕ್ಕೆ ಎಎಂಡಿ 2022ರಲ್ಲಿ ಎಕ್ಸ್‌ಪೊ ಎಂಬ ತನ್ನದೇ ಪದ್ಧತಿ ತಂದಿತು.

ಯಾರೂ ಹೇಳದಿದ್ದರೆ ಬೋರ್ಡ್ ಆ ಪುಟವನ್ನು ತೆರೆಯುವುದೇ ಇಲ್ಲ. ಎಲ್ಲ ಯಂತ್ರಗಳಲ್ಲೂ ಏಳಲೇಬೇಕಾದ ಜೆಡೆಕ್ ವೇಗದಲ್ಲಿ, ನಮ್ಮಲ್ಲಿ 2133ರಲ್ಲಿ, ಎದ್ದು ಕುಳಿತುಕೊಳ್ಳುತ್ತದೆ. ಇದು ಒಳ್ಳೆಯದೇ. ಹಾಗಿಲ್ಲದಿದ್ದರೆ ಎಷ್ಟೋ ಯಂತ್ರಗಳು ಮೊದಲ ದಿನವೇ ಏಳುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಗೆಳೆಯನಿಗೆ ಹೇಳಿದೆ. ಮೆಮೊರಿಯ ನಿಯಂತ್ರಕ ಇರುವುದು ಪ್ರೊಸೆಸರ್‌ನ ಒಳಗೆ. 5600ಜಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3200. ಆದ್ದರಿಂದ 3600 ಆಗಬೇಕಾದರೆ ಸ್ಟಿಕ್, ಪ್ರೊಸೆಸರ್, ಬೋರ್ಡ್ ಮೂರೂ ಒಪ್ಪಬೇಕು. ಪೆಟ್ಟಿಗೆಯ ಮೇಲೆ ಸಹಿ ಮಾಡಿದ್ದು ಅವುಗಳಲ್ಲಿ ಒಂದು ಮಾತ್ರ. ಹಾಗಿದ್ದೂ 3600 ಕೊಂಡದ್ದು ತಪ್ಪಲ್ಲ. ಈ ಪ್ರೊಸೆಸರ್‌ನ ಒಳಗಿನ ಭಾಗಗಳನ್ನು ಬೆಸೆಯುವ ಹೆದ್ದಾರಿ 1800 ಮೆಗಾಹರ್ಟ್ಸ್‌ನಲ್ಲಿ ನೆಮ್ಮದಿಯಾಗಿ ಓಡುತ್ತದೆ, ಮೆಮೊರಿಯ ಗಡಿಯಾರವೂ 1800 ಆದರೆ ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ಈ ಸಾಲಿನ ರೈಜನ್‌ಗಳಿಗೆ ಹಣಕ್ಕೆ ತಕ್ಕ ಒಳ್ಳೆಯ ಆಯ್ಕೆ ಅದೇ ಎಂಬುದು ನನ್ನ ಅಭಿಪ್ರಾಯ.

ಮದರ್‌ಬೋರ್ಡ್‌ನ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಹಾಕಿ, ಉಳಿಸಿ, ಮರುಚಾಲನೆ ಮಾಡಿದೆ. ಪರದೆ ಕಪ್ಪಾಯಿತು. ಫ್ಯಾನ್‌ಗಳು ತಿರುಗಿ ನಿಂತವು, ಮತ್ತೆ ತಿರುಗಿದವು. ಮೂರು ಸಲ ಹೀಗಾಗಿ ಕೊನೆಗೆ ಬೋರ್ಡ್ ಸೋಲೊಪ್ಪಿ 2133ಕ್ಕೇ ಮರಳಿತು. "ವೇಗ ಹೆಚ್ಚಿಸುವ ಯತ್ನ ವಿಫಲ, ಎಫ್1 ಒತ್ತಿ" ಎಂಬ ಅರ್ಥದ ಸಾಲು ಪರದೆಯ ಮೇಲೆ ಬಂತು. ಎಫ್1 ಒತ್ತಿದೆ. ಆ ಸಾಲಿನ ಬಗ್ಗೆ ಆಗ ಇನ್ನೇನೂ ಯೋಚಿಸಲಿಲ್ಲ.

ಮೆಮೊರಿ ಸೇರಿಸಿಕೊಟ್ಟ ಅಂಗಡಿಯ ತಂತ್ರಜ್ಞರಿಗೆ ಗೆಳೆಯ ಫೋನ್ ಮಾಡಿದ. ಅವರು ತಡಬಡಿಸದೆ ಹೇಳಿದರು: "ನಾಲ್ಕು ಸ್ಟಿಕ್‌ಗೆ 3600 ಬರಲಿಲ್ಲ ಸರ್. 3200 ಇಟ್ಟು ಕೊಟ್ಟಿದ್ದೇನೆ." ಕಣ್ಣೆದುರು 2133 ಇತ್ತು. ಏನೂ ಮಾಡದೆ ಮಾಡಿದ್ದೇನೆ ಎನ್ನುತ್ತಿದ್ದಾರೆ ಎಂದೇ ನಾನು ತೀರ್ಮಾನಿಸಿದೆ.

ಹನುಮಂತನಗರದಲ್ಲಿ ನಾಲ್ಕು ದಿನ

ಯಂತ್ರವನ್ನು ಮನೆಗೆ ತಂದೆ. ಮೊದಲು ಬಯೋಸ್‌ನ ಹೊಸ ಆವೃತ್ತಿ ಹಾಕಿದೆ. ಜೋಡಿಸಿದ ದಿನದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಮೆಮೊರಿಯನ್ನು ಪಳಗಿಸುವ ಕ್ರಮಗಳು ಬಯೋಸ್‌ನಲ್ಲೇ ಇರುವುದರಿಂದ ಹೊಸ ಆವೃತ್ತಿಯಿಂದ ಎಷ್ಟೋ ಸಲ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಆದರೆ ಮಳೆಗಾಲದ ಬೆಂಗಳೂರಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತೇ ಹೋಗಬಹುದು.

ಹೊಸ ಬಯೋಸ್‌ನಲ್ಲೂ ನಾಲ್ಕು ಸ್ಟಿಕ್‌ಗಳು 3600ಕ್ಕೆ ಏಳಲಿಲ್ಲ. ಆಗ ಬಿಡಿಸಿ ನೋಡುವ ಕೆಲಸ ಆರಂಭಿಸಿದೆ.

ಕಂಪ್ಯೂಟರಿನ ಪೆಟ್ಟಿಗೆ ತೆರೆದಾಗ ಒಳಗೆ ಚಾಮರಾಜಪೇಟೆಯ ರಸ್ತೆಯೇ ಕುಳಿತಿತ್ತು. ಕುಂಚದಿಂದ ಧೂಳು ತೆಗೆದು, ಸ್ಟಿಕ್‌ಗಳನ್ನು ಒಂದೊಂದಾಗಿ ಬಿಚ್ಚಿದೆ. ಡಿಡಿಆರ್4 ಸ್ಟಿಕ್‌ನ ಅಂಚಿನಲ್ಲಿ 288 ಚಿನ್ನದ ಬಣ್ಣದ ಸಂಪರ್ಕಗಳಿರುತ್ತವೆ. ಬೆಳಕಿಗೆ ಹಿಡಿದರೆ ಹಳೆಯ ಎರಡರಲ್ಲಿ ಮಸುಕಾದ ಗೆರೆ ಕಾಣುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ರಬ್ಬರ್‌ನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಅದು ಪುಡಿ ಬಿಡುತ್ತದೆ, ತೆಳು ಲೇಪವನ್ನೂ ಸವೆಸುತ್ತದೆ. ನಾನು ಮಾಡುವುದಿಲ್ಲ.

ಹಳೆಯ ಜೋಡಿಯನ್ನು ಮಾತ್ರ, ಪ್ರೊಸೆಸರ್‌ನ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿದೆ. ಎಕ್ಸ್‌ಎಂಪಿ ಒತ್ತಿದೆ. ಎಂಟು ಹತ್ತು ಸೆಕೆಂಡ್ ಮೌನ, ಆಮೇಲೆ ವಿಂಡೋಸ್. 3600. ಹೊಸ ಜೋಡಿಯನ್ನು ಅದೇ ಜಾಗಕ್ಕೆ ಹಾಕಿದರೆ ಅದೂ 3600. ಎಂದರೆ ನಾಲ್ಕೂ ಸ್ಟಿಕ್‌ಗಳು ಆರೋಗ್ಯವಾಗಿದ್ದವು, ಪೆಟ್ಟಿಗೆ ಹೇಳಿದ ಮಾತು ಸುಳ್ಳಾಗಿರಲಿಲ್ಲ.

ಬಳಿಕ ಅದೇ ಜೋಡಿಯನ್ನು ಬೇಕೆಂದೇ ಒಂದನೆಯ ಮತ್ತು ಮೂರನೆಯ ಸ್ಲಾಟ್‌ಗೆ ಹಾಕಿದೆ. ಇದೂ ಎರಡು ಚಾನೆಲ್‌ಗಳ ಜೋಡಣೆಯೇ, ಕಾಗದದ ಮೇಲೆ ಏನೂ ವ್ಯತ್ಯಾಸವಿಲ್ಲ. ಆದರೆ 3600ರಲ್ಲಿ ಎರಡು ಸಲ ಏಳದೆ, ಮೂರನೆಯ ಸಲ ಎದ್ದು, ವಿಂಡೋಸ್ ಬರುವಷ್ಟರಲ್ಲಿ ನೀಲಿ ಪರದೆ ತೋರಿಸಿತು.

ಇದರ ಕಾರಣವೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಇಂಥ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಹೊರಟ ತಾಮ್ರದ ಗೆರೆ ಮೊದಲ ಸ್ಲಾಟ್‌ಗೆ ಹೋಗಿ, ಅಲ್ಲಿಂದ ಮುಂದುವರಿದು ಎರಡನೆಯದಕ್ಕೆ ಹೋಗುತ್ತದೆ, ಸರಪಳಿಯಂತೆ. ಸ್ಟಿಕ್ ದೂರದ ಸ್ಲಾಟ್‌ನಲ್ಲಿದ್ದರೆ ಗೆರೆ ಕೊನೆಯಾಗುವಲ್ಲೇ ಸ್ಟಿಕ್ ಇರುತ್ತದೆ, ಸಂಕೇತ ಅಲ್ಲಿ ತಲುಪಿ ಅಡಗುತ್ತದೆ. ಹತ್ತಿರದ ಸ್ಲಾಟ್‌ನಲ್ಲಿದ್ದರೆ ಗೆರೆಯ ಉಳಿದ ತುಂಡು ಖಾಲಿಯಾಗಿ ನೇತಾಡುತ್ತದೆ. ಸಂಕೇತ ಆ ಖಾಲಿ ತುದಿಯವರೆಗೂ ಹೋಗಿ, ಬರಿದಾದ ಕೋಣೆಯಲ್ಲಿ ಕೂಗಿದ ಹಾಗೆ, ಮಾರ್ದನಿಯಾಗಿ ಹಿಂದಿರುಗುತ್ತದೆ. 2133ರಲ್ಲಿ ಎರಡು ಮಾತುಗಳ ನಡುವೆ ಸಾಕಷ್ಟು ಬಿಡುವಿರುವುದರಿಂದ ಮಾರ್ದನಿ ಅಡಗಲು ಸಮಯ ಸಿಗುತ್ತದೆ. 3600ರಲ್ಲಿ ಹಿಂದಿನ ಮಾತಿನ ಮಾರ್ದನಿ ಮುಂದಿನ ಮಾತಿನ ಮೇಲೆ ಬೀಳುತ್ತದೆ, ಮೆಮೊರಿಗೆ 1 ಯಾವುದು 0 ಯಾವುದು ತಿಳಿಯದಾಗುತ್ತದೆ. ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ "ಎರಡೇ ಸ್ಟಿಕ್ ಇದ್ದರೆ ಎ2, ಬಿ2ರಲ್ಲಿ ಹಾಕಿ" ಎಂದು, ಎಂದರೆ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಎಂದು, ಬರೆದಿರುವುದು ಇದಕ್ಕೇ. ಒಂದರಿಂದ ಎಣಿಸಿ ತುಂಬುವ ನಮ್ಮ ಸಹಜ ಬುದ್ಧಿ ಇಲ್ಲಿ ದಾರಿ ತಪ್ಪಿಸುತ್ತದೆ.

ನಾಲ್ಕೂ ಸ್ಲಾಟ್ ತುಂಬಿದಾಗ ಖಾಲಿ ತುದಿ ಇರುವುದಿಲ್ಲ ನಿಜ. ಆದರೆ ಒಂದೇ ಗೆರೆ ಎರಡು ಸ್ಟಿಕ್‌ಗಳ ಭಾರ ಹೊರಬೇಕು. ರೈಜನ್ 3000 ಸಾಲಿಗೆ ಎಎಂಡಿ ಪ್ರಕಟಿಸಿದ ಪಟ್ಟಿಯಲ್ಲೇ ಎರಡು ಸ್ಟಿಕ್‌ಗೆ 3200 ಇದ್ದರೆ, ಒಂದು ರ‍್ಯಾಂಕಿನ ನಾಲ್ಕು ಸ್ಟಿಕ್‌ಗೆ 2933, ಎರಡು ರ‍್ಯಾಂಕಿನ ನಾಲ್ಕಕ್ಕೆ 2667 ಎಂದಿತ್ತು (ರ‍್ಯಾಂಕ್ ಎಂದರೆ ಸ್ಟಿಕ್‌ನ ಮೇಲೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು). ಸೇರಿಸಿದಷ್ಟೂ ವೇಗ ಇಳಿಯುತ್ತದೆ ಎಂದು ತಯಾರಕರೇ ಬರೆದಿಟ್ಟ ಹಾಗೆ. ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಸಿಪಿಯು-ಜೆಡ್‌ನ ಎಸ್‌ಪಿಡಿ ಪುಟ ನೋಡಿದರೆ ಹಳೆಯ ಜೋಡಿಯ ಚಿಪ್‌ಗಳು ಒಂದು ಕಾರ್ಖಾನೆಯವು, ಹೊಸ ಜೋಡಿಯವು ಇನ್ನೊಂದರವು. ಹೊರಗಿನ ಲೇಬಲ್, ಬಣ್ಣ, ಸಂಖ್ಯೆ ಎಲ್ಲ ಒಂದೇ. ಒಂದೇ ಪೆಟ್ಟಿಗೆಯಲ್ಲಿ ಬಂದ ಸ್ಟಿಕ್‌ಗಳು ಒಟ್ಟಿಗೆ ಪರೀಕ್ಷೆಯಾಗಿ ಬಂದಿರುತ್ತವೆ. ಎರಡು ಪೆಟ್ಟಿಗೆ ಸೇರಿಸಿದಾಗ ಅವು ಹೊಂದುತ್ತವೆ ಎಂದು ಯಾರೂ ಮಾತು ಕೊಟ್ಟಿರುವುದಿಲ್ಲ.

ಎದ್ದರೆ ಸಾಲದು

ನಾಲ್ಕು ಸ್ಟಿಕ್‌ಗಳನ್ನು 3200ಕ್ಕೆ ಇಳಿಸಿದಾಗ ಯಂತ್ರ ಎದ್ದಿತು. ವಿಂಡೋಸ್ ಬಂತು, ವಿಡಿಯೊ ಸರಾಗವಾಗಿ ಓಡಿತು. ಅಂಗಡಿಯಲ್ಲಾದರೆ ಇಲ್ಲಿಗೆ ಕೆಲಸ ಮುಗಿಯಿತು. ನಾನು ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಹಾಕಿ ರಾತ್ರಿ ಹತ್ತಕ್ಕೆ ಶುರು ಮಾಡಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಮೂರು ಕೆಂಪು ಸಾಲುಗಳು. ಇಡೀ ರಾತ್ರಿಗೆ ಮೂರೇ. ಒಂದನ್ನು ಹತ್ತಿರದಿಂದ ನೋಡಿದೆ. ಬರೆದದ್ದಕ್ಕೂ ಓದಿದ್ದಕ್ಕೂ ಇದ್ದ ವ್ಯತ್ಯಾಸ ಒಂದು ಬಿಟ್, 1 ಇರಬೇಕಾದಲ್ಲಿ 0.

ಕೋಟ್ಯಂತರ ಬಿಟ್‌ಗಳಲ್ಲಿ ಒಂದು ತಪ್ಪಿದರೆ ಏನು ಮಹಾ ಎಂದು ಗೆಳೆಯ ಕೇಳಿದ. ನನಗೆ ಈ ವಿಷಯದಲ್ಲಿ ರಾಜಿಯಿಲ್ಲ. ಆ ಬಿಟ್ ಚಿತ್ರದ ಚುಕ್ಕೆಯೊಂದರದಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಕಡತದ ಸೂಚಿಯದಾಗಿದ್ದರೆ ಕಡತವೇ ತೆರೆಯುವುದಿಲ್ಲ. ಕ್ಯಾಮೆರಾದ ಕಾರ್ಡ್‌ನಿಂದ ಹಾರ್ಡ್ ಡಿಸ್ಕ್‌ಗೆ ನಕಲಾಗುವಾಗ ಮೆಮೊರಿಯ ಮೂಲಕವೇ ಹಾಯುವ ದೃಶ್ಯ ಕೆಟ್ಟ ರೂಪದಲ್ಲಿ ಉಳಿದು, ಕಾರ್ಡ್ ಅಳಿಸಿಹೋದ ಮೇಲೆ ಗೊತ್ತಾದರೆ? ಆ ಮನೆಯ ಅಜ್ಜಿ ಮೊಮ್ಮಗಳಿಗೆ ಆರತಿ ಎತ್ತಿದ ದೃಶ್ಯವನ್ನು ಮತ್ತೆ ಯಾರು ತಂದುಕೊಡುತ್ತಾರೆ? ಸಾಮಾನ್ಯ ಕಂಪ್ಯೂಟರ್‌ಗಳ ಡಿಡಿಆರ್4 ಮೆಮೊರಿಗೆ ತನ್ನ ತಪ್ಪನ್ನು ತಾನೇ ಹಿಡಿಯುವ ವ್ಯವಸ್ಥೆ ಇರುವುದಿಲ್ಲ. ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ. ನಾನಿಷ್ಟು ಹೇಳಿದಾಗ ಸಂಕಲನದ ಯುವತಿಗೆ ನೆನಪಾಯಿತು. ಹೊಸ ಮೆಮೊರಿ ಹಾಕಿಸಿದ ದಿನವೇ ನಕಲು ಮಾಡಿದ ಒಂದು ಕ್ಲಿಪ್ ಅರ್ಧದಲ್ಲಿ ಹಸಿರು ಚೌಕಗಳಾಗಿ ಒಡೆದಿತ್ತು. ಕಾರ್ಡ್‌ನಲ್ಲಿ ಮೂಲ ಇನ್ನೂ ಇದ್ದುದರಿಂದ ಮರುದಿನ ಮತ್ತೆ ನಕಲು ಮಾಡಿ ಬಚಾವಾಗಿದ್ದರು.

ವೋಲ್ಟೇಜ್ ಅನ್ನು 1.35ರಿಂದ 1.38ಕ್ಕೆ ಏರಿಸಿ ನೋಡಿದೆ, ಸಮಯಗಳನ್ನು ಸಡಿಲಿಸಿದೆ. ಮೂರು ದೋಷ ಒಂದಾಯಿತು, ಸೊನ್ನೆಯಾಗಲಿಲ್ಲ. 2933ಕ್ಕೆ ಇಳಿಸಿದಾಗ ನಾಲ್ಕು ಸುತ್ತೂ ಒಂದೂ ತಪ್ಪಿಲ್ಲದೆ ಮುಗಿಯಿತು. ಎಎಂಡಿಯ ಹಳೆಯ ಪಟ್ಟಿಯ ಸಂಖ್ಯೆಯೇ ನನ್ನ ಮೇಜಿನ ಮೇಲೆ ಬಂದು ನಿಂತಾಗ ಒಂದು ಬಗೆಯ ಗೌರವ ಹುಟ್ಟಿತು.

ಮುಂದಿನದು ಗೆಳೆಯನ ನಿರ್ಧಾರ. 32 ಜಿಬಿ 2933ರಲ್ಲಿ, ಇಲ್ಲವೇ 16 ಜಿಬಿ 3600ರಲ್ಲಿ. ಸಂಕಲನ ನಡೆಯುವಾಗ ಮೆಮೊರಿ ಬಳಕೆ 20 ಜಿಬಿ ದಾಟುವುದನ್ನು ನೋಡಿದ್ದೆ, ಹಾಗಾಗಿ 16 ಆಗದು. ಮೆಮೊರಿ ತುಂಬಿ ಡಿಸ್ಕ್‌ಗೆ ಸುರಿಯತೊಡಗಿದರೆ ಯಾವ 3600 ಬಂದರೂ ಉಪಯೋಗವಿಲ್ಲ. ಬೇರೆ ಯಂತ್ರವಾಗಿದ್ದರೆ 2933ರಲ್ಲೇ ಬಿಡಿ ಎನ್ನುತ್ತಿದ್ದೆ. ಚಿತ್ರಭಾಗ ಒಳಗೇ ಇರುವ ಈ ಪ್ರೊಸೆಸರ್‌ಗೆ ಮಾತ್ರ ಹಾಗೆ ಹೇಳಲು ಮನಸ್ಸಾಗಲಿಲ್ಲ. ನಾಲ್ಕೂ ಸ್ಟಿಕ್‌ಗಳನ್ನು ಎಸ್‌.ಪಿ. ರಸ್ತೆಯಲ್ಲಿ ಕೊಟ್ಟು, 16 ಜಿಬಿಯ ಎರಡು ಸ್ಟಿಕ್ ಒಂದೇ ಪೆಟ್ಟಿಗೆಯಲ್ಲಿ ಬರುವ, 3600, ಸಿಎಲ್ 18ರ ಜೋಡಿ ತಂದೆವು. ಕೊಳ್ಳುವ ಮುನ್ನ ಬೋರ್ಡ್ ತಯಾರಕರ ತಾಣದಲ್ಲಿರುವ ಹೊಂದುವ ಮೆಮೊರಿಗಳ ಪಟ್ಟಿಯಲ್ಲಿ ಆ ಜೋಡಿಯ ಪೂರ್ಣ ಸಂಖ್ಯೆಯನ್ನು ಹುಡುಕಿ ಖಚಿತ ಮಾಡಿಕೊಂಡೆ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಎಕ್ಸ್‌ಎಂಪಿ, ರಾತ್ರಿಯಿಡೀ ಪರೀಕ್ಷೆ. ಒಂದೂ ಕೆಂಪು ಸಾಲಿಲ್ಲ. ಐದು ನಿಮಿಷದ ಮದುವೆ ತುಣುಕೊಂದನ್ನು ಹೊರತೆಗೆಯಲು 2133ರಲ್ಲಿ ಹನ್ನೊಂದೂವರೆ ನಿಮಿಷ ಹಿಡಿದದ್ದು ಈಗ ಒಂಬತ್ತು ನಿಮಿಷಕ್ಕೆ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ ಅಕ್ಷತೆ ತಡೆಯಿಲ್ಲದೆ ಹಾರಿತು.

ಯಂತ್ರವನ್ನು ಸ್ಟುಡಿಯೊದಲ್ಲಿ ಇಟ್ಟು, 3600 ತೋರಿಸಿ, ಕಾಫಿ ಕುಡಿದು ಬಂದೆ.

ಎಫ್1

ಎರಡೇ ದಿನ. "ಮತ್ತೆ ಮೊದಲಿನ ಹಾಗೆಯೇ ಆಗಿದೆ" ಎಂದು ಫೋನ್. ಹೋಗಿ ನೋಡಿದರೆ 2133. ಎಕ್ಸ್‌ಎಂಪಿ ಆಫ್ ಆಗಿತ್ತು. ಯಾರೂ ಬಯೋಸ್ ಮುಟ್ಟಿರಲಿಲ್ಲ. ಮತ್ತೆ ಹಾಕಿ, ಐದಾರು ಸಲ ಮರುಚಾಲನೆ ಮಾಡಿ ನೋಡಿದೆ. ಪ್ರತಿಸಲವೂ 3600. ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಮತ್ತೆ 2133.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಟಿಕ್, ಪ್ರೊಸೆಸರ್, ಬೋರ್ಡ್ ಎಲ್ಲವನ್ನೂ ಪರೀಕ್ಷಿಸಿದ್ದೆ. ಪರೀಕ್ಷಿಸದೆ ಉಳಿದದ್ದು ಸ್ಟುಡಿಯೊದ ಬೆಳಗು ಮಾತ್ರ. ಹಾಗಾಗಿ ಮರುದಿನ ಒಂಬತ್ತೂವರೆಗೆ, ಬಾಗಿಲು ತೆರೆಯುವ ಹೊತ್ತಿಗೇ, ಹೋಗಿ ನಿಂತೆ.

ಯುವತಿ ಬಂದರು. ಗೋಡೆಯ ಮೇಲಿನ ಮುಖ್ಯ ಸ್ವಿಚ್ ಒತ್ತಿದರು. ಹಳೆಯ ಕಟ್ಟಡ, ಹಳೆಯ ವೈರಿಂಗ್, ಆದ್ದರಿಂದ ರಾತ್ರಿ ಎಲ್ಲವನ್ನೂ ಗೋಡೆಯಲ್ಲೇ ಆರಿಸಿ ಹೋಗುವುದು ಅವರ ನಿಯಮ. ಸರಿಯಾದ ನಿಯಮವೇ. ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆಯ ಮೇಲೆ ಬಿಳಿಯ ಸಾಲುಗಳು ಬಂದವು. ಅವರು ಓದದೆಯೇ ಎಫ್1 ಒತ್ತಿದರು. ವಿಂಡೋಸ್ ಬಂತು. ಮೂಲೆಯ ಗಡಿಯಾರ ತೆರೆದು ದಿನಾಂಕವನ್ನೂ ಸಮಯವನ್ನೂ ಮೊಬೈಲ್ ನೋಡಿ ತಿದ್ದಿದರು. ಆಮೇಲೆ ಕೆಲಸದ ಕಡತ ತೆರೆದರು.

"ಇದು ಯಾವಾಗಿನಿಂದ?" ಎಂದು ಕೇಳಿದೆ.

"ಯಾವುದು ಸರ್?"

"ಎಫ್1 ಒತ್ತುವುದು, ದಿನಾಂಕ ತಿದ್ದುವುದು."

"ಅದು ದಿನಾ ಮಾಡಬೇಕು ಸರ್. ಇಲ್ಲದಿದ್ದರೆ ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಯುಗಾದಿಗೂ ಮೊದಲಿನಿಂದ ಹೀಗೆಯೇ."

ಪೆಟ್ಟಿಗೆ ತೆರೆದು, ಬೋರ್ಡ್‌ನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ಮಲ್ಟಿಮೀಟರ್ ಹಿಡಿದೆ. 3 ವೋಲ್ಟ್ ಇರಬೇಕಾದಲ್ಲಿ 2.1. ಬಯೋಸ್‌ನ ಗಡಿಯಾರವನ್ನೂ ಹೊಂದಾಣಿಕೆಗಳನ್ನೂ ಗೋಡೆಯಲ್ಲಿ ಕರೆಂಟ್ ಇಲ್ಲದಾಗ ಕಾಯುವುದು ಆ ಬ್ಯಾಟರಿ. ಸ್ವಿಚ್ ಆರಿಸದೆ ಬಿಟ್ಟ ಯಂತ್ರಗಳಲ್ಲಿ ಬೋರ್ಡ್‌ಗೆ ಸದಾ ಸ್ವಲ್ಪ ವಿದ್ಯುತ್ ಹರಿಯುತ್ತಿರುವುದರಿಂದ ಅದರ ಮೇಲೆ ಹೊರೆ ಬೀಳುವುದಿಲ್ಲ. ಇಲ್ಲಿ ವರ್ಷಗಳಿಂದ ಪ್ರತಿ ರಾತ್ರಿ ಹನ್ನೆರಡು ಹದಿಮೂರು ಗಂಟೆ ಅದೊಂದೇ ದುಡಿದು ಸೋತಿತ್ತು. ಹತ್ತು ನಿಮಿಷದ ಕಡಿತವನ್ನು ಇನ್ನೂ ತಾಳುತ್ತಿತ್ತು, ಇಡೀ ರಾತ್ರಿಯನ್ನಲ್ಲ. ಬೆಳಗಾಗುವಷ್ಟರಲ್ಲಿ ಬೋರ್ಡ್ ಎಲ್ಲವನ್ನೂ ಮರೆತು, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ, ಎಂದರೆ 2133ಕ್ಕೆ, ಮರಳುತ್ತಿತ್ತು.

ನನಗೇಕೆ ಕಾಣಲಿಲ್ಲ? ನನ್ನ ಮನೆಯಲ್ಲಿ ರಾತ್ರಿಯಿಡೀ ಪರೀಕ್ಷೆ ಓಡುತ್ತಿದ್ದುದರಿಂದ ಯಂತ್ರಕ್ಕೆ ಕರೆಂಟ್ ತಪ್ಪಿದ್ದು ಸ್ಟಿಕ್ ಬದಲಿಸುವ ಕೆಲವು ನಿಮಿಷ ಮಾತ್ರ. ಬದಲಿಸಿದ ಮೇಲೆ ಹೇಗೂ ಬಯೋಸ್‌ಗೆ ಹೋಗಿ ಎಲ್ಲವನ್ನೂ ಹೊಸದಾಗಿ ಹಾಕುತ್ತಿದ್ದೆ. ಮೊದಲ ದಿನ ಸ್ಟುಡಿಯೊಗೆ ಹೋದದ್ದು ಹನ್ನೊಂದೂವರೆಗೆ, ಆ ಹೊತ್ತಿಗೆ ಎಫ್1 ಒತ್ತಿ ಎರಡು ಗಂಟೆಯಾಗಿತ್ತು. ಗಡಿಯಾರದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ, ಅದು ನನ್ನ ತಪ್ಪು.

ಅಂಗಡಿಯ ತಂತ್ರಜ್ಞರು 3200 ಇಟ್ಟುಕೊಟ್ಟದ್ದು ನಿಜವೇ ಆಗಿತ್ತು ಎಂದು ಈಗ ನಂಬುತ್ತೇನೆ. ಅವರು ಇಟ್ಟ 3200 ಅಂದಿನ ರಾತ್ರಿ ದಾಟಿರಲಾರದು. ಹಸಿರು ಚೌಕಗಳ ಆ ಕ್ಲಿಪ್ ಅದೇ ಹಗಲಿನದು. ಬ್ಯಾಟರಿ ಕೊಳ್ಳಲು ಪುರಭವನದ ಕಡೆಯಿಂದ ಎಸ್‌.ಪಿ. ರಸ್ತೆಗೆ ನಡೆದೇ ಹೋದೆ, ಬೇಕೆಂದೇ ಅವರ ಅಂಗಡಿಗೆ. ನಡೆದದ್ದನ್ನು ಹೇಳಿ, ನಿಮ್ಮ ಮಾತನ್ನು ನಂಬದಿದ್ದುದಕ್ಕೆ ಕ್ಷಮಿಸಿ ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ, 3200ರಲ್ಲಿ ದೋಷ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು. ಮೆಮ್‌ಟೆಸ್ಟ್‌ನ ಪೆನ್‌ಡ್ರೈವ್ ಹೇಗೆ ಮಾಡುವುದು ಎಂಬುದನ್ನು ಅಲ್ಲೇ ಕುಳಿತು ಇಬ್ಬರೂ ಮಾಡಿ ನೋಡಿದೆವು. ಬ್ಯಾಟರಿಗೆ 50 ರೂಪಾಯಿ ತೆಗೆದುಕೊಂಡರು.

ಹೊಸ ಬ್ಯಾಟರಿ ಹಾಕಿ, ದಿನಾಂಕ ಕೊಟ್ಟು, ಎಕ್ಸ್‌ಎಂಪಿ ಹಾಕಿ, ಆ ಸಂಜೆ ಗೋಡೆಯ ಸ್ವಿಚ್ಚನ್ನು ನಾನೇ ಆರಿಸಿ ಬಂದೆ. ಮರುದಿನ ಒಂಬತ್ತೂವರೆಗೆ ಮತ್ತೆ ಹೋದೆ. ಯುವತಿ ಊದುಬತ್ತಿ ಹಚ್ಚಿ ಗುಂಡಿ ಒತ್ತಿದರು. ಅಭ್ಯಾಸದಂತೆ ಅವರ ಬೆರಳು ಎಫ್1ರ ಮೇಲೆ ಹೋಗಿ ಕಾದು ನಿಂತಿತು. ಬಿಳಿಯ ಸಾಲುಗಳು ಬರಲಿಲ್ಲ, ವಿಂಡೋಸ್ ಬಂತು, ಮೂಲೆಯ ಗಡಿಯಾರ ಒಂಬತ್ತು ಮೂವತ್ತಾರು ತೋರಿಸುತ್ತಿತ್ತು. ಅವರು ಮೊಬೈಲ್ ತೆಗೆದು ಹೋಲಿಸಿ ನೋಡಿದರು. ಆಮೇಲೆ ಟಾಸ್ಕ್ ಮ್ಯಾನೇಜರ್ ಅನ್ನು ಅವರೇ ತೆರೆದು, ವೇಗದ ಸಾಲಿನ ಮೇಲೆ ಬೆರಳಿಟ್ಟು, 3600 ಎಂದು ಗಟ್ಟಿಯಾಗಿ ಓದಿದರು.